ನಿಮ್ಮ ಊರಿನ ಬಗ್ಗೆ ಮೊದಲ ಪುಸ್ತಕ: ತೊಡಗುವವರಿಗೊಂದು ಸಮಗ್ರ ಮಾರ್ಗದರ್ಶಿ

ಪುಸ್ತಕವೊಂದನ್ನು ಬರೆಯಬೇಕೆಂಬ ಹಂಬಲವಿದ್ದು ವಿಷಯಕ್ಕಾಗಿ ಹುಡುಕಾಡುತ್ತಿರುವವರಿಗೆ ನನ್ನ ಸಲಹೆ ಒಂದೇ: ನಿಮ್ಮ ಊರಿನ ಬಗ್ಗೆ ಬರೆಯಿರಿ. ಕಾದಂಬರಿಗೋ ಕವನ ಸಂಕಲನಕ್ಕೋ ಸಿಗುವ ಮಾನ್ಯತೆ ಊರಿನ ಪುಸ್ತಕಕ್ಕೆ ಸಿಗುವುದಿಲ್ಲವೆಂಬುದು ನಿಜ. ಆದರೆ ಅದಕ್ಕೆ ಬೇಕಾದ ಸಾಮಗ್ರಿ ನಿಮ್ಮ ಕೈಯಳತೆಯಲ್ಲೇ ಇರುತ್ತದೆ, ಆ ಸಾಮಗ್ರಿಯನ್ನು ಬಲ್ಲ ಜನ ನಿಮ್ಮ ಪರಿಚಯದವರೇ ಆಗಿರುತ್ತಾರೆ, ಮತ್ತು ನೀವು ಬರೆಯದೆ ಹೋದರೆ ಇನ್ನೊಬ್ಬರು ಬಂದು ಬರೆಯುವ ಸಂಭವ ಬಹಳ ಕಡಿಮೆ. ಎಂಬತ್ತು ದಾಟಿದ ಹಿರಿಯರೊಬ್ಬರು ತೀರಿಕೊಂಡರೆ ಕೆರೆಯ ನೀರು ಹಂಚುತ್ತಿದ್ದ ಸರದಿ, ಮಗ್ಗದ ಮೇಲೆ ನೂಲೆಣಿಸುತ್ತಿದ್ದ ಲೆಕ್ಕ, ಜಾತ್ರೆಯಲ್ಲಿ ಯಾವ ಮನೆಗೆ ಯಾವ ಹಕ್ಕು ಎಂಬ ವಿವರ, ಎಲ್ಲವೂ ಅವರೊಂದಿಗೇ ಹೋಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ನಿಜವಾದ ಅವಸರವಿದೆ.

ಒಂದು ಪ್ರಶ್ನೆಯನ್ನು ಹಿಡಿಯಿರಿ

ಊರಿನ ಪುಸ್ತಕಗಳು ಅರ್ಧಕ್ಕೇ ನಿಂತುಹೋಗಲು ಮುಖ್ಯ ಕಾರಣ, ಬರೆಯುವವರು ಸ್ಥಳಪುರಾಣದಿಂದ ಹಿಡಿದು ಪಂಚಾಯಿತಿಯ ಇತ್ತೀಚಿನ ಕಾಮಗಾರಿಯವರೆಗೆ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ತುಂಬಲು ಹೊರಡುವುದು. ಹಾಗೆ ಬರೆದು ಮುಗಿಸಿದರೂ ಅದು ಓದುವ ಪುಸ್ತಕವಾಗದೆ ಮಾಹಿತಿಯ ಪಟ್ಟಿಯಾಗಿಬಿಡುತ್ತದೆ. ಅದರ ಬದಲು ಊರಿನ ಬದುಕನ್ನು ನಡೆಸಿದ ಒಂದೇ ಒಂದು ಸಂಗತಿಯನ್ನು ಆರಿಸಿಕೊಂಡು, ಅದನ್ನು ಪ್ರಶ್ನೆಯ ರೂಪದಲ್ಲಿ ಬರೆದಿಟ್ಟುಕೊಳ್ಳಿ. ಬಯಲುಸೀಮೆಯ ಹಳ್ಳಿಯಾದರೆ ಕೆರೆ, ಮಲೆನಾಡಾದರೆ ಅಡಿಕೆ ತೋಟ, ಕರಾವಳಿಯಾದರೆ ಹಂಚಿನ ಕಾರ್ಖಾನೆ ಅಥವಾ ಮೀನುಗಾರಿಕೆ, ಇಳಕಲ್ಲಿನಂಥ ಊರಾದರೆ ಮಗ್ಗ, ಹೀಗೆ ಆಯಾ ಸೀಮೆಗೆ ತಕ್ಕದ್ದು ಹೊಳೆಯುತ್ತದೆ.

ಈ ಬರಹದುದ್ದಕ್ಕೂ ಕೆರೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. "ನಮ್ಮೂರಿನ ಕೆರೆಯ ನೀರನ್ನು ಯಾರು, ಯಾವ ಕ್ರಮದಲ್ಲಿ ಹಂಚುತ್ತಿದ್ದರು? ಆ ಕ್ರಮ ಯಾವಾಗ, ಏಕೆ ಮುರಿದುಬಿತ್ತು?" ನೋಡಲು ಇದು ಸಣ್ಣ ಪ್ರಶ್ನೆ. ಆದರೆ ಇದಕ್ಕೆ ಉತ್ತರ ಹುಡುಕಹೊರಟರೆ ಕೆರೆ ಕಟ್ಟಿಸಿದವರ ಶಾಸನವನ್ನು ಓದಬೇಕಾಗುತ್ತದೆ. ಅಚ್ಚುಕಟ್ಟಿನ, ಅಂದರೆ ಕೆರೆಯ ನೀರು ಹಾಯುವ ಪ್ರದೇಶದ, ಗದ್ದೆಗಳು ಯಾರಿಂದ ಯಾರ ಕೈಗೆ ಹೋದವೆಂದು ತಿಳಿಯಬೇಕಾಗುತ್ತದೆ. ಕೆರೆಯಿಂದ ನೀರು ಬಿಡುವ ಬಾಗಿಲಾದ ತೂಬನ್ನು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿಯ ಮನೆಯವರನ್ನು ಮಾತನಾಡಿಸಬೇಕಾಗುತ್ತದೆ. ಕೋಡಿ ಬಿದ್ದಾಗ, ಅಂದರೆ ಕೆರೆ ತುಂಬಿ ಹೆಚ್ಚಿನ ನೀರು ಹೊರಹರಿದಾಗ, ನಡೆಯುತ್ತಿದ್ದ ಗಂಗೆಪೂಜೆಯನ್ನು ವಿವರಿಸಬೇಕಾಗುತ್ತದೆ. ಕೊಳವೆಬಾವಿಗಳು ಬಂದ ಮೇಲೆ ಕೆರೆಯ ಮೇಲಿನ ಅವಲಂಬನೆ ಹೇಗೆ ತಗ್ಗಿತೆಂದು ಕೇಳಬೇಕಾಗುತ್ತದೆ. ಆಡಳಿತದ ಕಡೆಯಿಂದಲೂ ದಾರಿ ತೆರೆಯುತ್ತದೆ: 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟುಳ್ಳ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸೇರುತ್ತವೆಯಾದ್ದರಿಂದ, ನಿಮ್ಮ ಕೆರೆಯ ಕಡತ ಯಾವ ಕಚೇರಿಯಲ್ಲಿದೆಯೆಂಬುದೂ ಗೊತ್ತಾಗುತ್ತದೆ. ಊರೆಲ್ಲವೂ ಪುಸ್ತಕದೊಳಗೆ ಬರುತ್ತದೆ, ಆದರೆ ಒಂದು ಹುರಿಯನ್ನು ಹಿಡಿದುಕೊಂಡು ಬರುತ್ತದೆ.

ಪ್ರಶ್ನೆಯ ಕೆಳಗೆ, ಈ ಪುಸ್ತಕದಲ್ಲಿ ಯಾವುದನ್ನು ಬರೆಯುವುದಿಲ್ಲ ಎಂಬುದನ್ನೂ ನಾಲ್ಕು ಸಾಲಿನಲ್ಲಿ ಬರೆದಿಡಿ. ಮುಂದೆ ಸಾಮಗ್ರಿ ರಾಶಿ ಬಿದ್ದಾಗ ಆ ನಾಲ್ಕು ಸಾಲು ಬಹಳ ನೆರವಿಗೆ ಬರುತ್ತದೆ.

ಟಿಪ್ಪಣಿ ಪುಸ್ತಕ

ದಪ್ಪ ರಟ್ಟಿನ ಉದ್ದ ನೋಟುಬುಕ್ಕೊಂದನ್ನು ಕೊಳ್ಳಿ. ಬಲಬದಿಯ ಪುಟದಲ್ಲಿ ಕೇಳಿದ್ದನ್ನು, ನೋಡಿದ್ದನ್ನು ಮಾತ್ರ ಬರೆಯಿರಿ. ಎಡಬದಿಯ ಪುಟವನ್ನು ನಿಮ್ಮ ಊಹೆ, ಅನುಮಾನ ಮತ್ತು ಮುಂದೆ ಕೇಳಬೇಕಾದ ಪ್ರಶ್ನೆಗಳಿಗೆ ಮೀಸಲಿಡಿ. ಈ ಎರಡೂ ಒಂದರೊಳಗೊಂದು ಬೆರೆತುಹೋದರೆ, ಆರು ತಿಂಗಳ ನಂತರ ಯಾವುದು ಹಿರಿಯರ ಮಾತು, ಯಾವುದು ನಿಮ್ಮ ಕಲ್ಪನೆ ಎಂದು ಬೇರ್ಪಡಿಸಲು ನಿಮ್ಮಿಂದಲೇ ಆಗುವುದಿಲ್ಲ. ಪ್ರತಿ ನಮೂದಿಗೂ ದಿನಾಂಕ, ಸ್ಥಳ, ಹೇಳಿದವರ ಹೆಸರು ಮತ್ತು ಅಂದಾಜು ವಯಸ್ಸು ಇರಲೇಬೇಕು. ಬಲಬದಿಯ ಒಂದು ನಮೂದು ಹೀಗಿರಬಹುದು: "ದೊಡ್ಡ ತೂಬನ್ನು ಮೂರು ಹಲಗೆ ಎತ್ತಿದರೆ ಕಾಲುವೆಯ ಕೊನೆಯ ಗದ್ದೆಗೆ ಹೊತ್ತು ಮುಳುಗುವುದರೊಳಗೆ ನೀರು ಮುಟ್ಟುತ್ತಿತ್ತು. ಬರಗಾಲದಲ್ಲಿ ಒಂದೇ ಹಲಗೆ." ಅದರ ಎದುರಿನ ಎಡಪುಟದಲ್ಲಿ: "ಬರಗಾಲವೆಂದು ತೀರ್ಮಾನಿಸುತ್ತಿದ್ದವರು ಯಾರು? ಪಟೇಲರೋ, ಅಚ್ಚುಕಟ್ಟಿನವರೆಲ್ಲ ಸೇರಿಯೋ? ಕೊನೆಯ ಗದ್ದೆ ಯಾರದು?" ಪುಸ್ತಕ ಹುಟ್ಟುವುದು ಇಂಥ ಎಡಪುಟದ ಪ್ರಶ್ನೆಗಳಿಂದಲೇ ಎಂಬುದು ನನ್ನ ದೃಢವಾದ ನಂಬಿಕೆ.

ಟಿಪ್ಪಣಿಗಳ ಪ್ರತಿ ತೆಗೆದಿಡುವ ವಿಷಯದಲ್ಲಿ ಒಂದು ನಿಜಘಟನೆಯನ್ನು ಇಲ್ಲಿ ಹೇಳಬೇಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದ್ದರು. ಆ ಟಿಪ್ಪಣಿಗಳನ್ನು ವರ್ಷಗಟ್ಟಲೆ ಶ್ರಮಿಸಿ ವಿಂಗಡಿಸಿ, ಮೂರು ಪ್ರತಿಗಳಾಗಿ ಸಿದ್ಧಪಡಿಸಿಕೊಂಡಿದ್ದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮೂರು ಪ್ರತಿಗಳೂ ಸುಟ್ಟುಹೋದವು, ಏಕೆಂದರೆ ಮೂರೂ ಇದ್ದದ್ದು ಒಂದೇ ಕೋಣೆಯಲ್ಲಿ. ಅವರು ಧೃತಿಗೆಡದೆ ನೆನಪನ್ನೇ ಆಧಾರವಾಗಿಟ್ಟುಕೊಂಡು ಆ ಹಳ್ಳಿಯ ಕುರಿತು ಬರೆದ ಪುಸ್ತಕ 1976ರಲ್ಲಿ ಪ್ರಕಟವಾಗಿ ವಿಶ್ವವಿಖ್ಯಾತವಾಯಿತು. ಅಂಥ ಸ್ಮರಣಶಕ್ತಿ ಎಲ್ಲರಿಗೂ ಇರುವುದಿಲ್ಲ. ನೋಟುಬುಕ್ಕಿನ ಪುಟಗಳನ್ನು ವಾರಕ್ಕೊಮ್ಮೆ ಮೊಬೈಲಿನಲ್ಲಿ ಚಿತ್ರ ತೆಗೆದು, ಒಂದು ಪ್ರತಿಯನ್ನು ನಿಮ್ಮ ಇಮೇಲಿಗೂ ಇನ್ನೊಂದನ್ನು ಬೇರೆ ಊರಿನಲ್ಲಿರುವ ನಂಬಿಕಸ್ಥರಿಗೂ ಕಳಿಸಿಡಿ.

ಹಿರಿಯರನ್ನು ಮಾತನಾಡಿಸುವುದು

ಮಾತುಕತೆಯನ್ನು ಅತ್ಯಂತ ವಯಸ್ಸಾದವರಿಂದ ಆರಂಭಿಸಿ. ಗ್ರಂಥಾಲಯದ ಕೆಲಸ ಕಾಯುತ್ತದೆ, ಇದು ಕಾಯುವುದಿಲ್ಲ. ಮೊದಲ ಭೇಟಿಯಲ್ಲಿ ಧ್ವನಿಮುದ್ರಣ ಬೇಡ, ಸುಮ್ಮನೆ ಕುಳಿತು ಕೇಳಿ. ಎರಡನೆಯ ಭೇಟಿಯಲ್ಲಿ, ಪುಸ್ತಕಕ್ಕಾಗಿ ಕೇಳುತ್ತಿದ್ದೇನೆಂದು ಸ್ಪಷ್ಟವಾಗಿ ತಿಳಿಸಿ, ಒಪ್ಪಿಗೆ ಪಡೆದು, ಮೊಬೈಲಿನ ರೆಕಾರ್ಡರನ್ನು ಎದುರಿಗೇ ಇಟ್ಟು ಮುದ್ರಿಸಿಕೊಳ್ಳಿ. "ಹಿಂದಿನ ಕಾಲ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು, ಈಗಿನ ಹಾಗಲ್ಲ" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಅಜ್ಜಿ, ನೀವು ಈ ಊರಿಗೆ ಸೊಸೆಯಾಗಿ ಬಂದ ವರ್ಷ ಕುಡಿಯುವ ನೀರು ಎಲ್ಲಿಂದ ತರುತ್ತಿದ್ದಿರಿ? ಯಾವ ಬಾವಿಗೆ ಹೋಗುವ ಹಾಗಿರಲಿಲ್ಲ?" ಎಂದು ಕೇಳಿ ನೋಡಿ.

ಸೊಸೆಯರನ್ನು ಬೇಕೆಂದೇ ಹೆಸರಿಸಿದೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಈ ಊರಿನ ಪದ್ಧತಿಗಳನ್ನು ತವರಿನ ಪದ್ಧತಿಗಳೊಂದಿಗೆ ಹೋಲಿಸಿಯೇ ಕಲಿತಿರುತ್ತಾರೆ. ಹುಟ್ಟಿನಿಂದ ಇಲ್ಲೇ ಇದ್ದ ಗಂಡಸರಿಗೆ ಸಹಜವೆಂದು ತೋರಿ ಕಣ್ಣಿಗೇ ಬೀಳದ ಸಂಗತಿಗಳು ಅವರ ನೆನಪಿನಲ್ಲಿ ಬೇರೆಯಾಗಿ ನಿಂತಿರುತ್ತವೆ. ಹೀಗಿದ್ದೂ ನಮ್ಮ ಊರಿನ ಪುಸ್ತಕಗಳಲ್ಲಿ ಅವರ ಮಾತು ಅಪರೂಪ. ಹಾಗೆಯೇ ಪ್ರತಿ ಕೇರಿಗೂ ಹೋಗಿ. ಒಂದೇ ಕೆರೆಯ ಕಥೆಯನ್ನು ಅಚ್ಚುಕಟ್ಟಿನ ಯಜಮಾನರು ಹೇಳುವ ಬಗೆ ಒಂದು, ಆ ಗದ್ದೆಯಲ್ಲಿ ಕೂಲಿ ಮಾಡಿದವರು ಹೇಳುವ ಬಗೆ ಇನ್ನೊಂದು. ಎರಡನ್ನೂ ದಾಖಲಿಸಿಕೊಳ್ಳದ ಪುಸ್ತಕವನ್ನು ಊರಿನ ಪುಸ್ತಕವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಘಟನೆ ನೆನಪಿರುತ್ತದೆ. ಗಾಂಧೀಜಿ ತೀರಿಕೊಂಡದ್ದು 1948, ರಾಜ್ಯದ ಏಕೀಕರಣ 1956, ಹೆಸರು ಕರ್ನಾಟಕವೆಂದಾದದ್ದು 1973, ಉಳುವವನಿಗೇ ಭೂಮಿ ಎಂಬ ಭೂಸುಧಾರಣೆಯ ತಿದ್ದುಪಡಿ 1974, ತುರ್ತುಪರಿಸ್ಥಿತಿ 1975: ಇಂಥದೊಂದು ಪಟ್ಟಿಯನ್ನು ಜೊತೆಯಲ್ಲಿಟ್ಟುಕೊಂಡು "ಅದಕ್ಕಿಂತ ಮುಂಚೆಯೋ, ಆಮೇಲೋ?" ಎಂದು ಕೇಳುತ್ತ ಹೋದರೆ ಕಾಲ ಹತ್ತಿರಕ್ಕೆ ಬರುತ್ತದೆ. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾಯ್ದೆಯೂ ಆ ಪಟ್ಟಿಯಲ್ಲಿರಲಿ, ಏಕೆಂದರೆ ಕೆರೆಯಂಥ ಸಾಮೂಹಿಕ ವ್ಯವಸ್ಥೆಗಳು ಕೈಬದಲಾದ ಕಥೆಗಳು ಅನೇಕ ಕಡೆ ಆ ಹೊತ್ತಿಗೇ ಹೊಂದಿಕೊಳ್ಳುತ್ತವೆ. ಸಂವತ್ಸರದ ಹೆಸರು ಬಂದಾಗ ಎಚ್ಚರಿಕೆ ಬೇಕು. ಧಾತು, ಈಶ್ವರ ಸಂವತ್ಸರಗಳ ಭೀಕರ ಬರವೆಂದರೆ 1876ರಿಂದ 1878ರವರೆಗಿನದು. ಆದರೆ ಸಂವತ್ಸರ ಚಕ್ರ 60 ವರ್ಷಕ್ಕೊಮ್ಮೆ ತಿರುಗುವುದರಿಂದ 1936ರಲ್ಲೂ ಧಾತು ಬಂದಿತ್ತು. ಹೇಳುವವರು ತಾವು ಕಂಡದ್ದನ್ನು ಹೇಳುತ್ತಿದ್ದಾರೋ, ಅಜ್ಜನಿಂದ ಕೇಳಿದ್ದನ್ನೋ ಎಂಬುದನ್ನು ಅಲ್ಲೇ ವಿಚಾರಿಸಿಕೊಳ್ಳಬೇಕು.

ಕಲ್ಲಿನಲ್ಲಿರುವುದು, ಕಾಗದದಲ್ಲಿರುವುದು

ಹಳೆಯ ಮೈಸೂರು ಸೀಮೆಯವರು ಮೊದಲು ತೆರೆಯಬೇಕಾದದ್ದು ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು. ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ ಶಾಸನಗಳಿಗೆ ಸಂಖ್ಯೆ ಕೊಟ್ಟು, ಕನ್ನಡ ಪಾಠದೊಂದಿಗೆ ಇಂಗ್ಲಿಷ್ ಅನುವಾದವನ್ನೂ ಅವುಗಳಲ್ಲಿ ಕೊಡಲಾಗಿದೆ. ಅಂತರಜಾಲದಲ್ಲಿ ಸ್ಕ್ಯಾನ್ ಪ್ರತಿಗಳು ಸಿಗುತ್ತವೆ. ಅದೇ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾಲಯ 1970ರ ದಶಕದಿಂದ ಪ್ರಕಟಿಸುತ್ತ ಬಂದಿದೆ. ಅಂದಿನ ತಾಲ್ಲೂಕಿನ ಗಡಿಗಳು ಇಂದಿನಂತಿರಲಿಲ್ಲವಾದ್ದರಿಂದ, ನಿಮ್ಮ ಊರು ಸಿಗದಿದ್ದರೆ ಪಕ್ಕದ ತಾಲ್ಲೂಕಿನಲ್ಲೂ ಹುಡುಕಿ. ಧಾರವಾಡ, ವಿಜಯಪುರ ಮುಂತಾದ, ಹಿಂದೆ ಮುಂಬಯಿ ಕರ್ನಾಟಕವೆನ್ನುತ್ತಿದ್ದ (ಈಗಿನ ಕಿತ್ತೂರು ಕರ್ನಾಟಕದ) ಭಾಗಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳನ್ನು ನೋಡಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಜಿಲ್ಲಾವಾರು ಶಾಸನ ಸಂಪುಟಗಳನ್ನು ಪ್ರಕಟಿಸಿದೆ. ಬ್ರಿಟಿಷ್ ಭೂಮಾಪಕ ಕರ್ನಲ್ ಮೆಕೆಂಜಿಯ ಕಾಲದಲ್ಲಿ ಬರೆಸಿದ ಕೈಫಿಯತ್ತುಗಳಲ್ಲಿ, ಅಂದರೆ ಊರುಗಳ ಇತಿಹಾಸದ ಸ್ಥಳೀಯ ವರದಿಗಳಲ್ಲಿ, ನಿಮ್ಮ ಸೀಮೆಯದೇನಾದರೂ ಇದ್ದರೆ ಅದು ದೊಡ್ಡ ಭಾಗ್ಯ.

ಶಾಸನದ ಶಕವರ್ಷಕ್ಕೆ 78 ಸೇರಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕದ ವರ್ಷ ಸಿಗುತ್ತದೆ. ಆದರೆ ವರ್ಷ ಯುಗಾದಿಯಿಂದ ಆರಂಭವಾಗುವುದರಿಂದ ಮಾಘ, ಫಾಲ್ಗುಣ ಮಾಸದ ತಿಥಿಯಿದ್ದರೆ 79 ಸೇರಿಸಬೇಕಾಗಬಹುದು. ಶಾಸನತಜ್ಞರು ಕೊಟ್ಟ ದಿನಾಂಕವಿದ್ದಲ್ಲಿ ಅದನ್ನೇ ಅನುಸರಿಸಿ. ಇದುವರೆಗೆ ಪ್ರಕಟವಾಗದ ಕಲ್ಲು ನಿಮ್ಮ ಕಣ್ಣಿಗೆ ಬಿದ್ದರೆ ಅದರ ಮೇಲೆ ಸುಣ್ಣ, ಎಣ್ಣೆ ಹಚ್ಚದೆ, ಇಳಿಬಿಸಿಲಿನಲ್ಲಿ ಓರೆಯಾಗಿ ಬೆಳಕು ಬೀಳುವಾಗ ಚಿತ್ರ ತೆಗೆದು ಬಲ್ಲವರಿಗೆ ತೋರಿಸಿ. ನಡುಹಗಲಿನ ಬೆಳಕಿನಲ್ಲಿ ಸವೆದ ಅಕ್ಷರಗಳು ಕಾಣುವುದೇ ಇಲ್ಲ.

ಕಾಗದಪತ್ರಗಳಲ್ಲಿ ನನ್ನ ಮಟ್ಟಿಗೆ ಹೆಚ್ಚು ಫಲ ಕೊಡುವುದು ಗ್ರಾಮನಕ್ಷೆ. ಭೂಮಾಪನ ಇಲಾಖೆಯ ಜಾಲತಾಣದಿಂದ ನಿಮ್ಮ ಊರಿನ ಕಂದಾಯ ನಕ್ಷೆಯನ್ನು ಇಳಿಸಿಕೊಂಡು, ದೊಡ್ಡದಾಗಿ ಮುದ್ರಿಸಿ, ಊರಿನ ಇಬ್ಬರು ರೈತರೊಡನೆ ನೆಲದ ಮೇಲೆ ಹರಡಿಕೊಂಡು ಕುಳಿತುಕೊಳ್ಳಿ. ಸರ್ವೆ ನಂಬರಿನ ಗೆರೆಗಳನ್ನು ಬೆರಳಿನಿಂದ ಅನುಸರಿಸುತ್ತ ಅವರು ಹೊಲಗಳ ಹೆಸರು ಹೇಳತೊಡಗುತ್ತಾರೆ, ಇಂದು ಮುಚ್ಚಿಹೋಗಿರುವ ಕಾಲುವೆಯ ಜಾಡು ತೋರಿಸುತ್ತಾರೆ, ಬಂಡಿದಾರಿ ಎಲ್ಲಿ ಒತ್ತುವರಿಯಾಯಿತೆಂದು ವಾದಿಸುತ್ತಾರೆ. ಆ ಮಾತುಗಳನ್ನೆಲ್ಲ ನಕ್ಷೆಯ ಮೇಲೆಯೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಜಿಲ್ಲಾ ಗ್ಯಾಸೆಟಿಯರ್, ಜನಗಣತಿಯ ಜಿಲ್ಲಾ ಕೈಪಿಡಿ, ಶಾಲೆಯ ಹಳೆಯ ದಾಖಲಾತಿ ಪುಸ್ತಕ, ಸಹಕಾರ ಸಂಘದ ನಡವಳಿ ಪುಸ್ತಕ, ಮನೆಗಳ ಪೆಟ್ಟಿಗೆಯಲ್ಲಿರುವ ಕ್ರಯಪತ್ರಗಳು ಆಮೇಲೆ ಬರಲಿ. ಕಚೇರಿಯಲ್ಲಿ ಕಡತ ತೋರಿಸದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು.

ಮೊದಲ ಅಧ್ಯಾಯವನ್ನು ಬೇಗ ಬರೆಯಿರಿ

ಸಾಮಗ್ರಿಯೆಲ್ಲ ಕೂಡಿದ ಮೇಲೆ ಬರೆಯುತ್ತೇನೆಂದು ಕಾದವರ ಪುಸ್ತಕ ಹೊರಬರುವುದು ಕಷ್ಟ, ಏಕೆಂದರೆ ಸಾಮಗ್ರಿ ಎಂದೂ ಪೂರ್ತಿಯಾಗುವುದಿಲ್ಲ. ನಾಲ್ಕೈದು ಜನರೊಂದಿಗಿನ ಮಾತುಕತೆ ಮತ್ತು ಒಂದೆರಡು ದಾಖಲೆ ಕೈಗೆ ಬಂದೊಡನೆ ಒಂದು ಅಧ್ಯಾಯ ಬರೆಯಿರಿ. ಅದು ಪುಸ್ತಕದ ಮೊದಲ ಅಧ್ಯಾಯವೇ ಆಗಬೇಕೆಂದಿಲ್ಲ. ನಿಮಗೆ ಅತ್ಯಂತ ಚೆನ್ನಾಗಿ ತಿಳಿದ ಭಾಗವಾಗಿರಲಿ. ಏನು ಗೊತ್ತಿಲ್ಲವೆಂಬುದು ಗೊತ್ತಾಗುವುದೇ ಬರೆಯಲು ಕುಳಿತಾಗ.

ಭಾಷೆಯ ವಿಷಯದಲ್ಲಿ, "ನಮ್ಮ ಊರು ಪುರಾತನ ಇತಿಹಾಸವುಳ್ಳ, ಪ್ರಕೃತಿ ಸೌಂದರ್ಯದ ನೆಲೆವೀಡಾದ ಸುಂದರ ಗ್ರಾಮ" ಎಂಬಂಥ ವಾಕ್ಯವನ್ನು ಬರೆದರೆ ತಕ್ಷಣ ಹೊಡೆದುಹಾಕಿ. ಅದನ್ನು ನಾಡಿನ ಯಾವ ಹಳ್ಳಿಗಾದರೂ ಅನ್ವಯಿಸಬಹುದು. ಅದರ ಜಾಗದಲ್ಲಿ "ತೂಬಿನ ಹಲಗೆ ಮುಟ್ಟುವ ಅಧಿಕಾರ ಊರಿನಲ್ಲಿ ನೀರಗಂಟಿಗೆ ಮಾತ್ರವಿತ್ತು, ಪಟೇಲರ ಗದ್ದೆ ಒಣಗುತ್ತಿದ್ದರೂ ಸರದಿ ಬರುವವರೆಗೆ ಅವರು ಕಾಯಲೇಬೇಕಿತ್ತು" ಎಂದು ಬರೆಯಿರಿ. ಅಧಿಕಾರ, ನ್ಯಾಯ, ನೀರು ಮೂರೂ ಆ ಒಂದು ವಾಕ್ಯದಲ್ಲಿವೆ. ಊರಿನವರ ಮಾತನ್ನು ಉದ್ಧರಿಸುವಾಗ ಅವರ ಆಡುಮಾತನ್ನೇ ಉಳಿಸಿ, ಗ್ರಾಂಥಿಕಕ್ಕೆ ತಿದ್ದಬೇಡಿ. ತೂಬು, ಕೋಡಿ, ಏರಿ, ಹೂಳು, ಅಚ್ಚುಕಟ್ಟು ಎಂಬ ಮಾತುಗಳಿಗೆ ಕನ್ನಡದ ನಗರವಾಸಿ ಓದುಗರಿಗೂ ವಿವರಣೆ ಬೇಕಾಗಬಹುದು. ಅದು ವಾಕ್ಯದೊಳಗೇ ಸಹಜವಾಗಿ ಸೇರಿಕೊಳ್ಳಲಿ.

ಗಾತ್ರದ ಲೆಕ್ಕ ಸರಳ. ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆಯಾದ ಡೆಮಿ 1/8 ಆಕಾರದ ಪುಟದಲ್ಲಿ ಸುಮಾರು 220ರಿಂದ 250 ಪದಗಳು ಹಿಡಿಯುತ್ತವೆ. ಮುದ್ರಣ 16 ಪುಟಗಳ ಫಾರಂ ಲೆಕ್ಕದಲ್ಲಿ ನಡೆಯುವುದರಿಂದ, ಎಂಟು ಫಾರಂಗಳ 128 ಪುಟದ ಪುಸ್ತಕಕ್ಕೆ ಚಿತ್ರ, ಮುನ್ನುಡಿ, ಪರಿವಿಡಿಗಳನ್ನು ಬಿಟ್ಟು ಸುಮಾರು 25,000 ಪದಗಳು ಬೇಕು. ಮೊದಲ ಪುಸ್ತಕಕ್ಕೆ ಇಷ್ಟು ಸಾಕು, ಇದಕ್ಕಿಂತ ಹಿಗ್ಗಿಸುವ ಆಸೆಗೆ ಬೀಳಬೇಡಿ. ದಿನಕ್ಕೆ 200 ಪದ ಬರೆದರೂ ಕರಡು ನಾಲ್ಕೈದು ತಿಂಗಳಲ್ಲಿ ಸಿದ್ಧವಾಗುತ್ತದೆ.

ಬದುಕಿರುವವರ ಹೆಸರು

ಊರಿನ ಪುಸ್ತಕ ಪ್ರಕಟವಾದ ಮರುದಿನವೂ ನೀವು ಆ ಊರಿನಲ್ಲಿ ಓಡಾಡಬೇಕು. ಸತ್ಯವನ್ನು ಮುಚ್ಚಿಡಬೇಕೆಂದು ಇದರರ್ಥವಲ್ಲ. ಜಮೀನಿನ ವ್ಯಾಜ್ಯ, ಜಾತಿಯ ಕಾರಣಕ್ಕೆ ನಡೆದ ಬಹಿಷ್ಕಾರ, ನೀರಿಗಾಗಿ ನಡೆದ ಹೊಡೆದಾಟಗಳನ್ನು ಬರೆಯಲೇಬೇಕಾದಲ್ಲಿ ದಾಖಲೆಯಿರುವಷ್ಟನ್ನೇ ಬರೆಯಿರಿ, ವ್ಯಕ್ತಿಗಳ ಹೆಸರನ್ನು ಬದಲಿಸಿ, ಬದಲಿಸಿದ್ದೀರೆಂದು ಅರಿಕೆಯಲ್ಲಿ ತಿಳಿಸಿ. ಶ್ರೀನಿವಾಸ್ ಅವರು ತಮ್ಮ ಹಳ್ಳಿಗೆ ರಾಂಪುರವೆಂಬ ಬೇರೆ ಹೆಸರನ್ನೇ ಇಟ್ಟಿದ್ದರು. ಯಾರ ಮಾತನ್ನು ಅವರ ಹೆಸರಿನೊಂದಿಗೆ ಉಪಯೋಗಿಸುತ್ತೀರೋ ಅವರಿಗೆ ಆ ಭಾಗವನ್ನು ಮುದ್ರಣಕ್ಕೆ ಮೊದಲೇ ಓದಿ ಹೇಳುವುದು ನಿಮ್ಮ ಕರ್ತವ್ಯ. ಹಾಗೆ ಓದುವಾಗ ಹೊಸ ವಿವರಗಳು ಹೊರಬರುವುದೂ ಉಂಟು. ಹಳೆಯ ಫೋಟೋಗಳಿಗೂ ಒಪ್ಪಿಗೆ ಪಡೆಯಿರಿ.

ಅಕ್ಷರ ಜೋಡಣೆ ಮತ್ತು ಕರಡು ತಿದ್ದುವುದು

ಮೊದಲಿನಿಂದಲೂ, ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ರೀತಿ ಓದಬಹುದಾದ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲೇ ಟೈಪು ಮಾಡಿ. ಹಳೆಯ ಆಸ್ಕಿ ಫಾಂಟುಗಳಿಂದ ಯೂನಿಕೋಡಿಗೋ ಯೂನಿಕೋಡಿನಿಂದ ಅವುಗಳಿಗೋ ಬದಲಾಯಿಸುವಾಗ ಅರ್ಕಾವತ್ತು ಮತ್ತು ಕೆಲವು ಒತ್ತಕ್ಷರಗಳು ಸ್ಥಾನ ತಪ್ಪುತ್ತವೆ. ಡಿಟಿಪಿಯವರು ಯಾವುದರಲ್ಲಿ ಪುಟ ಕಟ್ಟುತ್ತಾರೆಂದು ಮೊದಲೇ ಕೇಳಿ. ಕರಡನ್ನು ಪರದೆಯ ಮೇಲೆ ತಿದ್ದಿದರೆ ಸಾಲದು, ಕಾಗದದ ಮೇಲೆ ಮುದ್ರಿಸಿ, ಕನಿಷ್ಠ ಎರಡು ಸುತ್ತು, ಒಂದು ಸುತ್ತನ್ನು ಬೇರೆಯವರಿಂದ ನೋಡಿಸಬೇಕು. ಬರೆದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ. ಲ-ಳ, ನ-ಣ, ಶ-ಷ, ಅಲ್ಪಪ್ರಾಣ-ಮಹಾಪ್ರಾಣಗಳ ಜೊತೆಗೆ ವ್ಯಕ್ತಿಗಳ ಹೆಸರು, ಇಸವಿ, ಸರ್ವೆ ನಂಬರುಗಳನ್ನು ಪ್ರತ್ಯೇಕವಾಗಿ, ಟಿಪ್ಪಣಿ ಪುಸ್ತಕದೊಂದಿಗೆ ಹೋಲಿಸಿ ನೋಡಬೇಕು. ಕೊನೆಯಲ್ಲಿ ಒಂದು ಪದಸೂಚಿ ಇರಲಿ. ಊರಿನವರು ಪುಸ್ತಕ ಕೈಗೆತ್ತಿಕೊಂಡೊಡನೆ ತಮ್ಮ ಮನೆತನದ ಹೆಸರನ್ನು ಹುಡುಕುತ್ತಾರೆ.

ಪ್ರಕಟಣೆ

ಸ್ಥಳೀಯ ಇತಿಹಾಸದ ಆಸಕ್ತಿಯುಳ್ಳ ಪ್ರಕಾಶಕರಿಗೆ ಪರಿವಿಡಿ, ಎರಡು ಪುಟದ ಪರಿಚಯ ಮತ್ತು ಅತ್ಯುತ್ತಮವಾದ ಒಂದು ಅಧ್ಯಾಯವನ್ನು ಕಳಿಸಿ. ಇಡೀ ಹಸ್ತಪ್ರತಿಯನ್ನು ಕೇಳಿದ ಮೇಲೆ ಕೊಟ್ಟರಾಯಿತು. ನೀವು ಯುವ ಬರಹಗಾರರಾಗಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರವು ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆಯ ಪ್ರಕಟಣೆಯನ್ನು ಗಮನಿಸುತ್ತಿರಿ. ವಯಸ್ಸು, ಪುಟಸಂಖ್ಯೆಗಳ ನಿಯಮಗಳು ಅದರಲ್ಲೇ ಇರುತ್ತವೆ. ಸ್ವಂತವಾಗಿ ಪ್ರಕಟಿಸುವುದಾದರೆ ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ, ಪುಸ್ತಕವನ್ನು ಜಗತ್ತಿನಾದ್ಯಂತ ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ಲೇಖಕರೇ ಆನ್‌ಲೈನ್ ಮೂಲಕ ಉಚಿತವಾಗಿ ಪಡೆಯಬಹುದು. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. 1957ರ ಕಾಯ್ದೆಯ ಪ್ರಕಾರ ಅದು ಬರೆದೊಡನೆ ನಿಮ್ಮದಾಗಿದ್ದು, ನಿಮ್ಮ ಜೀವಿತಾವಧಿಯ ನಂತರವೂ 60 ವರ್ಷ ಉಳಿಯುತ್ತದೆ. ಮುದ್ರಣಕ್ಕೆ ಹಣ ತೆತ್ತವರು ನೀವೇ ಆದರೆ ಆ ಹಕ್ಕನ್ನು ಯಾರಿಗೂ ಬರೆದುಕೊಡಬೇಡಿ.

ಪ್ರತಿಗಳ ಸಂಖ್ಯೆಯನ್ನು ಊರಿನ ಮನೆಗಳು, ಹೊರಗೆ ನೆಲೆಸಿರುವ ಊರಿನವರು ಮತ್ತು ತಾಲ್ಲೂಕಿನ ಶಾಲೆಗಳನ್ನು ಎಣಿಸಿ ನಿರ್ಧರಿಸಿ. ಬೆಂಗಳೂರು, ಮುಂಬಯಿ, ದುಬೈಗಳಲ್ಲಿರುವ ಊರಿನ ಮಕ್ಕಳು ಮುಂಗಡವಾಗಿ ಪ್ರತಿಗಳನ್ನು ಕಾಯ್ದಿರಿಸಿದರೆ ಮುದ್ರಣದ ವೆಚ್ಚದ ಒಂದು ಪಾಲು ಅಲ್ಲೇ ಹುಟ್ಟುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಆಯ್ಕೆಯಾದ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆಯಾದರೂ ಆ ಹಣವನ್ನು ನಂಬಿ ಸಾಲ ಮಾಡುವುದು ಸಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಿಗದಿತ ಗ್ರಂಥಾಲಯಗಳಿಗೆ ಪ್ರತಿ ಕಳಿಸಬೇಕು. ಊರಿನ ಶಾಲೆಗೆ ಮತ್ತು ಪಂಚಾಯಿತಿಯ ಗ್ರಂಥಾಲಯಕ್ಕೆ ತಲಾ ಎರಡು ಪ್ರತಿ ಕೊಡಿ. ಒಂದು ಪ್ರತಿಯನ್ನು ನಿಮ್ಮ ಬಳಿಯೇ, ಪ್ರತಿ ಪುಟದ ನಡುವೆ ಖಾಲಿ ಹಾಳೆ ಸೇರಿಸಿ ಬೈಂಡು ಮಾಡಿಸಿಟ್ಟುಕೊಳ್ಳಿ. ಓದಿದವರು ಜಗಲಿಗೆ ಬಂದು, "ಇಲ್ಲಿ ತಪ್ಪಿದೆ, ಆ ತೂಬು ಕಟ್ಟಿದ್ದು ನಮ್ಮ ತಾತನ ಕಾಲದಲ್ಲಲ್ಲ, ಅದಕ್ಕೂ ಮೊದಲು" ಎಂದು ಹೇಳಿದಾಗ, ಅವರ ಹೆಸರು ಮತ್ತು ದಿನಾಂಕದೊಂದಿಗೆ ಆ ಮಾತನ್ನು ಎದುರಿನ ಖಾಲಿ ಹಾಳೆಯಲ್ಲಿ ಬರೆದುಕೊಂಡು, ಎರಡನೆಯ ಮುದ್ರಣಕ್ಕೆ ಮೊದಲು ದಾಖಲೆಯೊಂದಿಗೆ ಹೋಲಿಸಿ ನೋಡಿ.